ಆಪರೇಷನ್ ಹೊಟ್ಟೆಗೆ, ವೆಂಟಿಲೇಟರ್ ಯಾಕೆ?

ಪ್ರಶ್ನೆ: ನನ್ನ ತಂಗಿಗೆ 29 ವರ್ಷ. ಮೊದಲ ಎರಡು ಹೆರಿಗೆಯೂ ಸಿಸೇರಿಯನ್. ಮೂರನೆಯ ಬಸಿರಿನ ಏಳನೇ ತಿಂಗಳ ಸ್ಕ್ಯಾನಿಂಗಿನಲ್ಲಿ ‘ಮಾಸು ತೀರಾ ಕೆಳಗಿದೆ, ಹಳೆಯ ಹೊಲಿಗೆಗೆ ಅಂಟಿಕೊಂಡಂತಿದೆ’ ಅಂದರು. ತಾಲ್ಲೂಕು ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು. 35 ವಾರಕ್ಕೆ ಆಪರೇಷನ್ ಆಯಿತು, ನಾಲ್ಕು ಗಂಟೆ ಹಿಡಿಯಿತು. ಮಗು ಚೆನ್ನಾಗಿದೆ. ಆದರೆ ರಕ್ತ ನಿಲ್ಲಲಿಲ್ಲ ಅಂತ ಗರ್ಭಕೋಶ ತೆಗೆದರು, 11 ಬಾಟಲಿ ರಕ್ತ ಕೊಟ್ಟರು. ಎರಡು ದಿನ ವೆಂಟಿಲೇಟರ್. ಮೂರನೇ ದಿನ ಪೈಪ್ ತೆಗೆದರು. ಮರುದಿನ ಮತ್ತೆ ದಮ್ಮು ಕಟ್ಟಿತು, ಮುಖಕ್ಕೆ ಬಿಗಿಯಾದ ಮಾಸ್ಕ್ ಹಾಕಿ ಎರಡು ದಿನ ಇಟ್ಟರು. 13ನೇ ದಿನ ಮನೆಗೆ ಬಂದಳು. ಡಿಸ್ಚಾರ್ಜ್ ಚೀಟಿಯಲ್ಲಿ ಹಿಮೋಗ್ಲೋಬಿನ್ 7.8 ಅಂತಿದೆ. ಈಗ ಐದು ವಾರ. ಬಚ್ಚಲಿಗೆ ಹೋಗಿ ಬಂದರೂ ಏದುಸಿರು. ಬೆರಳಿಗೆ ಹಾಕುವ ಮಷಿನ್ 97 ತೋರಿಸುತ್ತದೆ. ಹಾಲು ಬಂದೇ ಇಲ್ಲ. ಬಾಣಂತನ ನಮ್ಮ ಮನೆಯಲ್ಲೇ. ಶೀತ ಆಗಬಾರದು ಅಂತ ಅಮ್ಮ ಕೋಣೆ ಮುಚ್ಚಿ ಅಗ್ಗಿಷ್ಟಿಕೆ ಇಟ್ಟಿದ್ದಾರೆ. ವೆಂಟಿಲೇಟರ್ ಹಾಕಿದ್ದಕ್ಕೇ ಶ್ವಾಸಕೋಶ ಹಾಳಾಯಿತು ಅಂತ ದೊಡ್ಡಮ್ಮ ಅನ್ನುತ್ತಾರೆ. ಬಿಲ್ಲು ಏರಿಸಲು ಹಾಕಿದ್ದು ಅಂತ ನೆಂಟರು. ತಂಗಿಯ ಗಂಡ ಆಕ್ಸಿಜನ್ ಮಷಿನ್ ಕೊಳ್ಳೋಣ ಅನ್ನುತ್ತಿದ್ದಾರೆ. ಆಪರೇಷನ್ ಮಾಡಿದ್ದು ಹೊಟ್ಟೆಗೆ. ಉಸಿರಿಗೆ ಯಾಕೆ ಮಷಿನ್ ಬೇಕಾಯಿತು? ಅವಳ ಶ್ವಾಸಕೋಶ ಸರಿ ಹೋಗುತ್ತದಾ?

ಉತ್ತರ: ಇದನ್ನು ಪೂರ್ತಿ ಓದುವ ಮೊದಲು ಎರಡು ಕೆಲಸ ಮಾಡಿ. ಅಗ್ಗಿಷ್ಟಿಕೆಯನ್ನು ಕೋಣೆಯಿಂದ ಹೊರಗಿಟ್ಟು ಕಿಟಕಿ ತೆರೆಯಿರಿ. ನಾಳೆಯೇ ತಂಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೆರಿಗೆಯಾಗಿ ಐದು ವಾರಕ್ಕೆ ಬಚ್ಚಲಿಗೆ ಹೋಗಿ ಬಂದರೆ ಏದುಸಿರು ಬರುವುದು ‘ಬಾಣಂತಿ ನಿಶ್ಶಕ್ತಿ’ ಅಂತ ಬಿಡುವ ಮಾತಲ್ಲ. ಹೆದರಿಸಲು ಹೇಳುತ್ತಿಲ್ಲ. ಕಾರಣ ಸಿಗಬಹುದಾದ ಕಾಯಿಲೆ ಇದು, ಬಹುಪಾಲು ಕಾರಣಗಳಿಗೆ ಮದ್ದೂ ಇದೆ. ಮನೆಯಲ್ಲಿ ಎಲ್ಲರೂ ಶ್ವಾಸಕೋಶದ ಕಡೆ ನೋಡುತ್ತಿದ್ದೀರಿ. ನಿಮ್ಮ ಪತ್ರ ಓದಿದ ಮೇಲೆ ನನ್ನ ಕಣ್ಣು ಹೋಗಿದ್ದು ರಕ್ತದ ಕಡೆ, ಆಮೇಲೆ ಹೃದಯದ ಕಡೆ. ಅಲ್ಲಿಗೆ ಬರುತ್ತೇನೆ. ಮೊದಲು ನೀವು ಕೇಳಿದ್ದಕ್ಕೆ.

ನಾನು ಅರಿವಳಿಕೆ ವೈದ್ಯೆ. ಆಪರೇಷನ್ ಟೇಬಲ್ಲಿನ ತಲೆಯ ಕಡೆ ನಿಂತು ಉಸಿರು ನೋಡಿಕೊಳ್ಳುವುದು, ಆಮೇಲೆ ಐಸಿಯುನಲ್ಲಿ ಅದನ್ನೇ ಮುಂದುವರಿಸುವುದು ನನ್ನ ಕೆಲಸ. ‘ಹೊಟ್ಟೆ ಕೊಯ್ದರೆ ಗಂಟಲಿಗೆ ಪೈಪ್ ಯಾಕೆ?’ ಅನ್ನುವ ಪ್ರಶ್ನೆಯನ್ನು ಐಸಿಯು ಬಾಗಿಲಲ್ಲಿ ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ನ್ಯಾಯವಾದ ಪ್ರಶ್ನೆಯೇ.

ತುಂಬು ಬಸುರಿಯ ಉಸಿರಾಟ ಬೇರೆಯವರ ಥರ ಇರುವುದಿಲ್ಲ. ಬೆಳೆದ ಗರ್ಭ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಸುಮಾರು 4 ಸೆಂಟಿಮೀಟರ್ ಮೇಲಕ್ಕೆ ತಳ್ಳಿರುತ್ತದೆ. ಉಸಿರು ಬಿಟ್ಟ ಮೇಲೆ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಸುಮಾರು ಐದನೇ ಒಂದು ಪಾಲು ಕಡಿಮೆ. ದೇಹಕ್ಕೆ ಬೇಕಾದ ಆಮ್ಲಜನಕ ಮಾತ್ರ ಐದನೇ ಒಂದು ಪಾಲು ಜಾಸ್ತಿ. ಅಂದರೆ ಖರ್ಚು ಏರಿದೆ, ಡಬ್ಬಿಯಲ್ಲಿ ಕೂಡಿಟ್ಟ ಕಾಸು ಇಳಿದಿದೆ. ಉಸಿರಿಗೆ ಸ್ವಲ್ಪ ಅಡ್ಡಿಯಾದರೂ ಬೇರೆಯವರಿಗಿಂತ ಬೇಗ ಆಮ್ಲಜನಕ ಕುಸಿಯುತ್ತದೆ. ಗಂಟಲೊಳಗಿನ ಚರ್ಮವೂ ಊದಿಕೊಂಡು ಮೆತ್ತಗಾಗಿರುತ್ತದೆ. ಮಗು ಹೊರಗೆ ಬಂದ ತಕ್ಷಣ ಇದೆಲ್ಲ ಸ್ವಿಚ್ ಒತ್ತಿದ ಹಾಗೆ ಮೊದಲಿನಂತಾಗುವುದಿಲ್ಲ.

ಇನ್ನು ನಿಮ್ಮ ತಂಗಿಗೆ ಆದದ್ದು. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ 600–700 ಮಿಲಿ ರಕ್ತ ಹರಿಯುತ್ತದೆ. ಸಾಮಾನ್ಯವಾಗಿ ಮಾಸು ಬಿಡಿಸಿಕೊಂಡ ಮೇಲೆ ಗರ್ಭಕೋಶ ಕಲ್ಲಿನ ಹಾಗೆ ಬಿಗಿದು ರಕ್ತನಾಳಗಳನ್ನು ಹಿಸುಕಿ ಮುಚ್ಚುತ್ತದೆ. ಮಾಸು ಹಳೆಯ ಹೊಲಿಗೆಯೊಳಗೆ ಬೇರು ಬಿಟ್ಟಿದ್ದರೆ ಅದು ಬಿಡುವುದೇ ಇಲ್ಲ. ಕಿತ್ತರೆ ನಲ್ಲಿ ತೆರೆದಂತೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿ ಕೆಳಗಿರುವ ಹೆಂಗಸರಲ್ಲಿ ಹೀಗೆ ಬೇರು ಬಿಡುವ ಅಪಾಯ ಸಿಸೇರಿಯನ್ ಆದ ಹಾಗೆಲ್ಲ ಏರುತ್ತದೆ. ಅಮೆರಿಕದ ಒಂದು ದೊಡ್ಡ ಅಧ್ಯಯನ 2006ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಹಿಂದೆ ಒಂದು ಸಿಸೇರಿಯನ್ ಆಗಿದ್ದರೆ 100ರಲ್ಲಿ 11 ಮಂದಿಗೆ, ಎರಡು ಆಗಿದ್ದರೆ 40 ಮಂದಿಗೆ. ನಿಮ್ಮ ತಂಗಿ ಆ 40ರಲ್ಲಿ ಒಬ್ಬರು. ಸ್ಕ್ಯಾನಿಂಗಿನಲ್ಲೇ ಇದನ್ನು ಹಿಡಿದು ಸಮಯಕ್ಕೆ ಮೇಲಿನ ಆಸ್ಪತ್ರೆಗೆ ಕಳಿಸಿದ ತಾಲ್ಲೂಕಿನ ಡಾಕ್ಟರಿಗೆ ಒಂದು ಧನ್ಯವಾದ ಹೇಳಿ. ಗೊತ್ತಿಲ್ಲದೆ ಅಲ್ಲೇ ಹೊಟ್ಟೆ ತೆರೆದಿದ್ದರೆ ಈ ಪತ್ರ ಬೇರೆಯೇ ಆಗಿರುತ್ತಿತ್ತು.

11 ಬಾಟಲಿ ಅಂದರೆ ದೇಹದ ರಕ್ತವನ್ನೇ ಹೆಚ್ಚುಕಮ್ಮಿ ಬದಲಾಯಿಸಿದಂತೆ. ಅಷ್ಟು ಹೊತ್ತು ತೆರೆದ ಹೊಟ್ಟೆ, ಅಷ್ಟು ರಕ್ತ, ಅಷ್ಟು ಸಲೈನ್. ಕೊನೆಗೆ ದೇಹ ತಣ್ಣಗಾಗಿರುತ್ತದೆ. ರಕ್ತದಲ್ಲಿ ಆಮ್ಲ ಏರಿರುತ್ತದೆ. ರಕ್ತ ಹೆಪ್ಪುಗಟ್ಟುವ ಗುಣ ಕುಗ್ಗಿರುತ್ತದೆ. ಮುಖ, ಗಂಟಲು ಊದಿರುತ್ತವೆ. ರಾತ್ರಿಯೊಳಗೆ ಮತ್ತೆ ರಕ್ತ ಸುರಿದು ಎರಡನೇ ಸಲ ಆಪರೇಷನ್‌ಗೆ ಒಯ್ಯಬೇಕಾಗಬಹುದು. ಇಂಥ ಹೊತ್ತಿನಲ್ಲಿ ಅರಿವಳಿಕೆ ಬಿಡಿಸಿ, ಪೈಪ್ ತೆಗೆದು, ‘ಈಗ ನೀವೇ ಉಸಿರಾಡಿ’ ಅನ್ನುವುದು ಮೈಲಿಗಟ್ಟಲೆ ಓಡಿ ಬಂದವರ ತಲೆಗೆ ಹೊರೆ ಹೊರಿಸಿದಂತೆ. ಪೈಪ್ ತೆಗೆಯುವುದು ಒಂದು ನಿಮಿಷದ ಕೆಲಸ. ಊದಿದ ಗಂಟಲಿನಲ್ಲಿ ಅದನ್ನು ಮತ್ತೆ ಹಾಕುವುದಿದೆಯಲ್ಲ, ಅದು ನಮ್ಮ ಕೆಲಸದಲ್ಲೇ ಅತಿ ಭಯದ ಗಳಿಗೆ.

ಇದು ನನಗೆ ಪುಸ್ತಕದಿಂದ ಬಂದ ಬುದ್ಧಿಯಲ್ಲ. ವೃತ್ತಿಯ ಆರಂಭದಲ್ಲಿ ಇಂಥದ್ದೇ ಒಬ್ಬ ಬಾಣಂತಿಯ ಪೈಪನ್ನು ಸಂಜೆ ಆರಕ್ಕೇ ತೆಗೆದೆ. ನೋಡಲು ಚೆನ್ನಾಗಿದ್ದರು, ಮನೆಯವರೂ ‘ಮಷಿನ್ ತೆಗೀರಿ ಮೇಡಂ’ ಅಂತ ಬಾಗಿಲಲ್ಲೇ ನಿಂತಿದ್ದರು. ರಾತ್ರಿ ಎರಡಕ್ಕೆ ಮತ್ತೆ ಹಾಕಬೇಕಾಯಿತು. ಮೂರನೇ ಪ್ರಯತ್ನಕ್ಕೆ ಹೋಯಿತು. ಅವರು ಉಳಿದರು, ನನ್ನ ಆತುರ ಅಂದಿಗೆ ಸತ್ತಿತು.

ಹಾಗಾದರೆ ತಂಗಿಗೆ ನಾಲ್ಕನೇ ದಿನ ಮತ್ತೆ ದಮ್ಮು ಕಟ್ಟಿದ್ದು ಯಾಕೆ? ಪೈಪ್ ಬೇಗ ತೆಗೆದರು ಅಂತಲೇ ಅಲ್ಲ. ಆಪರೇಷನ್ ದಿನ ಕೊಟ್ಟ ಸಲೈನ್, ರಕ್ತದ ನೀರಿನಂಶ ಎಲ್ಲ ರಕ್ತನಾಳದಲ್ಲೇ ಉಳಿಯುವುದಿಲ್ಲ. ಮಾಂಸಖಂಡಕ್ಕೆ, ಚರ್ಮದಡಿಗೆ ಇಳಿದು ಕೈಕಾಲು ಊದಿಸುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಅದೆಲ್ಲ ರಕ್ತನಾಳಕ್ಕೆ ವಾಪಸ್ ಬರುತ್ತದೆ. ವೆಂಟಿಲೇಟರಿನ ಗಾಳಿಯ ಒತ್ತಡ ಇರುವ ತನಕ ಶ್ವಾಸಕೋಶದಲ್ಲಿ ನೀರು ನಿಲ್ಲಲು ಬಿಡುವುದಿಲ್ಲ. ಪೈಪ್ ತೆಗೆದಾಗ ಆ ಒತ್ತಡ ಹೋಗುತ್ತದೆ, ನೀರು ಶ್ವಾಸಕೋಶಕ್ಕೆ ನುಗ್ಗುತ್ತದೆ. ಹಾಸಿಗೆಯಲ್ಲಿ ಚಪ್ಪಟೆ ಮಲಗಿ, ಹೊಲಿಗೆಯ ನೋವಿಗೆ ಕೆಮ್ಮದೆ, ಶ್ವಾಸಕೋಶದ ತಳಭಾಗ ಮುದುಡಿಕೊಂಡಿದ್ದರೆ ಅದೂ ಜೊತೆಗೂಡುತ್ತದೆ. ಆಗ ಬಿಗಿ ಮಾಸ್ಕಿನಿಂದ ಹೊರಗಿನಿಂದಲೇ ಒತ್ತಡ ಕೊಡುತ್ತಾರೆ. ಅದನ್ನು ಬೈಪ್ಯಾಪ್ ಅನ್ನುತ್ತೇವೆ. ಜೊತೆಗೆ ಮೂತ್ರ ಹೋಗುವ ಇಂಜೆಕ್ಷನ್. ಎರಡು ದಿನದಲ್ಲಿ ಹಗುರಾಯಿತು ಅಂದರೆ ಬಹುಶಃ ಇದೇ ಆಗಿತ್ತು. ‘ಬಹುಶಃ’ ಅನ್ನುವ ಪದವನ್ನು ಬೇಕೆಂದೇ ಹಾಕಿದ್ದೇನೆ. ಯಾಕೆಂದರೆ ಹೃದಯ ಸೋತಾಗಲೂ ಥೇಟ್ ಹೀಗೇ ಕಾಣುತ್ತದೆ. ಆಗ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿದ್ದರಾ ಅಂತ ಚೀಟಿಯಲ್ಲಿ ನೋಡಿ.

ಬೈಪ್ಯಾಪ್ ಎಲ್ಲರಿಗೂ ಆಗಿಬರುವುದಿಲ್ಲ. ಎಚ್ಚರ ಇರಬೇಕು, ಕಫ ಉಗುಳಲು ಬರಬೇಕು, ವಾಂತಿ ಇರಬಾರದು. ಮಾಸ್ಕಿನೊಳಗೆ ವಾಂತಿಯಾದರೆ ಅದು ಶ್ವಾಸಕೋಶಕ್ಕೇ ಹೋಗುತ್ತದೆ. ಕೆಲವರಿಗೆ ಮೂಗಿಗೆ ದಪ್ಪ ಕೊಳವೆ ಹಾಕಿ ನಿಮಿಷಕ್ಕೆ 60 ಲೀಟರ್‌ವರೆಗೆ ಬಿಸಿ, ತೇವದ ಗಾಳಿ ಕೊಡುವುದು ಹಿತವಾಗುತ್ತದೆ. ಮಾತಾಡಬಹುದು, ಗಂಜಿ ಕುಡಿಯಬಹುದು. ಆದರೆ ಮೃದುವಾದ ದಾರಿ ಹಿಡಿದು ಕೂತು, ಪೈಪ್ ಬೇಕಾದವರಿಗೆ ತಡ ಮಾಡಿದರೆ ಅದೇ ಅಪಾಯ.

ಈಗ ದೊಡ್ಡಮ್ಮನ ಮಾತು. ಅದರಲ್ಲಿ ಒಂದು ಹಿಡಿ ಸತ್ಯ ಇದೆ, ತಳ್ಳಿಹಾಕಬೇಡಿ. ವೆಂಟಿಲೇಟರ್ ಯಾವ ಕಾಯಿಲೆಯನ್ನೂ ವಾಸಿ ಮಾಡುವುದಿಲ್ಲ. ವಾಸಿಯಾಗುವ ತನಕ ಉಸಿರಿನ ಕೆಲಸ ತಾನು ಮಾಡುತ್ತದೆ, ಅಷ್ಟೇ. ಪೈಪ್ ಇದ್ದಷ್ಟು ದಿನ ನ್ಯುಮೋನಿಯಾ ಆಗುವ ಸಾಧ್ಯತೆ ಏರುತ್ತದೆ. ಕೆಲಸವಿಲ್ಲದ ವಪೆ ಕೆಲವೇ ದಿನಗಳಲ್ಲಿ ಸೊರಗುತ್ತದೆ. ಗಾಳಿಯನ್ನು ಜಾಸ್ತಿ ತುಂಬಿದರೆ ಶ್ವಾಸಕೋಶಕ್ಕೆ ಗಾಯವೂ ಆಗುತ್ತದೆ. ಇದು ಗೊತ್ತಾಗಲು ನಮಗೇ ಕಾಲ ಹಿಡಿಯಿತು. 2000ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಶ್ವಾಸಕೋಶ ತೀವ್ರವಾಗಿ ಕೆಟ್ಟ ರೋಗಿಗಳಿಗೆ ಒಂದೊಂದು ಉಸಿರನ್ನು ಹಳೆಯ ಲೆಕ್ಕದ ಅರ್ಧಕ್ಕೆ ಇಳಿಸಿ ಕೊಟ್ಟಾಗ ಸಾವು 100ಕ್ಕೆ 40ರಿಂದ 31ಕ್ಕೆ ಇಳಿಯಿತು. ಮಷಿನ್ ಅದೇ, ತಿರುಗಿಸುವ ಕೈ ಬೇರೆ. ಅದಕ್ಕೇ ಈಗ ದಿನಾ ಬೆಳಿಗ್ಗೆ ನಿದ್ದೆಯ ಔಷಧಿ ಇಳಿಸಿ, ಅರ್ಧ ಗಂಟೆಯಿಂದ ಎರಡು ಗಂಟೆ ರೋಗಿ ತಾನೇ ಉಸಿರಾಡಬಲ್ಲರೇ ಅಂತ ಪರೀಕ್ಷೆ ಮಾಡುತ್ತೇವೆ. ಆದರೆ ಎರಡು ದಿನದ ವೆಂಟಿಲೇಟರ್, ಅದೂ 29 ವರ್ಷದವರಿಗೆ, ಐದು ವಾರ ಕಳೆದ ಮೇಲೂ ಬಚ್ಚಲಿನ ದಾರಿಯಲ್ಲಿ ಏದುಸಿರು ತರುವಷ್ಟು ಶ್ವಾಸಕೋಶ ಕೆಡಿಸಿರುವುದು ಕಷ್ಟ. ಬೆರಳಿನ ಮಷಿನ್ 97 ತೋರಿಸುತ್ತಿರುವಾಗ ಇನ್ನೂ ಕಷ್ಟ.

ವೆಂಟಿಲೇಟರ್ ಅಂದರೆ ‘ಮುಗಿಯಿತು’ ಅನ್ನುವ ಭಯ ನಮ್ಮ ಊರುಗಳಲ್ಲಿ ಗಟ್ಟಿಯಾಗಿದೆ, ಕೋವಿಡ್ ಅದನ್ನು ಇನ್ನೂ ಬಲಗೊಳಿಸಿತು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿದಾಗ ಉಸಿರು ನಿಂತವರಲ್ಲಿ ಹತ್ತಕ್ಕೆ ಎಂಟಕ್ಕೂ ಜಾಸ್ತಿ ಜನ ಸಾಯುತ್ತಿದ್ದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯ ರೋಗಿಗಳ ಕೊರಳಿಗೆ ಕೊಳವೆ ಹಾಕಿಸಿ, ನೂರಾರು ವಿದ್ಯಾರ್ಥಿಗಳನ್ನು ಪಾಳಿಯಲ್ಲಿ ಕೂರಿಸಿ, ರಬ್ಬರ್ ಚೀಲವನ್ನು ಕೈಯಲ್ಲೇ ಒತ್ತಿಸಿದ. ಹಗಲೂ ರಾತ್ರಿ, ವಾರಗಟ್ಟಲೆ. ಸಾವು ಅರ್ಧಕ್ಕಿಂತ ಕೆಳಗಿಳಿಯಿತು. ಐಸಿಯು ಹುಟ್ಟಿದ್ದೇ ಹಾಗೆ. ವೆಂಟಿಲೇಟರ್ ಅಂದರೆ ಆ ವಿದ್ಯಾರ್ಥಿಯ ಕೈ, ಈಗ ಕರೆಂಟಿನಲ್ಲಿ ನಡೆಯುತ್ತದೆ. ವಯಸ್ಸಾದ, ಹಲವು ಕಾಯಿಲೆಯ ದೇಹಕ್ಕೆ ಅದು ಬಂದಾಗ ಕತೆ ಬೇರೆ. ರಕ್ತ ಸುರಿದು ಸುಸ್ತಾದ ಚಿಕ್ಕ ವಯಸ್ಸಿನ ಬಾಣಂತಿಗೆ ಬಂದಾಗ ಕತೆ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಬಿಲ್ಲಿನ ವಿಷಯ. ಬೇಡದ ಚಿಕಿತ್ಸೆ ಎಲ್ಲೂ ನಡೆಯುವುದೇ ಇಲ್ಲ ಅಂತ ನಾನು ಹೇಳಿದರೆ ನೀವು ನಂಬುವುದಿಲ್ಲ, ನಂಬಲೂಬಾರದು. ಆದರೆ ನೀವು ಬರೆದ ವಿವರದಲ್ಲಿ ನನಗೆ ಅನುಮಾನದ ಎಳೆ ಕಾಣುತ್ತಿಲ್ಲ. ಇಷ್ಟು ರಕ್ತ ಹೋದವರನ್ನು ವೆಂಟಿಲೇಟರ್ ಇಲ್ಲದೆ ಹೊರಗೆ ಕಳಿಸಿದ್ದರೆ ನಾನೇ ಪ್ರಶ್ನೆ ಕೇಳುತ್ತಿದ್ದೆ. ಹಣ ಮಾಡಲು ಹಾಕಿದವರು ಎರಡೇ ದಿನಕ್ಕೆ ತೆಗೆಯುತ್ತಾರಾ? ಇನ್ನು ಯಾರಿಗಾದರೂ ಈ ಪರಿಸ್ಥಿತಿ ಬಂದರೆ ‘ಹೇಗಿದ್ದಾರೆ?’ ಅಂತ ಮಾತ್ರ ಕೇಳಬೇಡಿ, ‘ಸ್ಟೇಬಲ್’ ಅನ್ನುವ ಉತ್ತರ ಬರುತ್ತದೆ. ‘ಇವತ್ತು ಆಕ್ಸಿಜನ್ ಎಷ್ಟು ಪರ್ಸೆಂಟ್ ಇಟ್ಟಿದ್ದೀರಿ, ನಿನ್ನೆ ಎಷ್ಟಿತ್ತು?’ ಅಂತ ಕೇಳಿ. ನಾವು ಉಸಿರಾಡುವ ಗಾಳಿಯಲ್ಲಿ ಇರುವುದು 21. ಮಷಿನಿನಲ್ಲಿ 80 ಇದ್ದದ್ದು 60, 40 ಅಂತ ಇಳಿಯುತ್ತಿದ್ದರೆ ದಾರಿ ಸರಿಯಿದೆ. ‘ಪೈಪ್ ತೆಗೆಯಲು ಏನು ಅಡ್ಡಿ?’ ಅಂತ ಕೇಳಿ. ಅಡ್ಡಿಯ ಹೆಸರು ಹೇಳಲಾಗದ ತಂಡದ ಬಗ್ಗೆ ಮಾತ್ರ ಚಿಂತೆ ಮಾಡಿ. ದಾಖಲೆಗಳ ನಕಲು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ವೃತ್ತಿ ನಿಯಮ ಇದೆ. ಜಗಳಕ್ಕಲ್ಲ, ಮುಂದಿನ ಚಿಕಿತ್ಸೆಗೆ ಬೇಕು. ತಂಗಿಯ ದಾಖಲೆಗಳನ್ನೂ ತೆಗೆಸಿಕೊಳ್ಳಿ.

ಸರಿ, ಈಗಿನ ಏದುಸಿರಿಗೆ ಬರೋಣ.

ಹಿಮೋಗ್ಲೋಬಿನ್ 7.8. ಬೆರಳಿನ ಮಷಿನ್ 97. ಇವೆರಡೂ ಹೇಗೆ ಕೂಡಿಬಂದವು? ಹತ್ತು ಬಸ್ಸು ಓಡಬೇಕಾದ ರೂಟಿನಲ್ಲಿ ಆರೇ ಓಡುತ್ತಿವೆ ಅಂದುಕೊಳ್ಳಿ. ಆರರಲ್ಲೂ ಸೀಟು ಭರ್ತಿ. ಕಂಡಕ್ಟರನ್ನು ಕೇಳಿದರೆ ‘ಸೀಟೆಲ್ಲ ಫುಲ್ ಸಾರ್’ ಅನ್ನುತ್ತಾನೆ. ಸುಳ್ಳಲ್ಲ. ಆದರೆ ಸ್ಟಾಪಿನಲ್ಲಿ ನಿಂತ ಜನ ಊರು ಸೇರಲಿಲ್ಲ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನೇ ಆ ಬಸ್ಸು. ಬೆರಳಿನ ಮಷಿನ್ ಸೀಟು ಎಣಿಸುತ್ತದೆ, ಬಸ್ಸು ಎಣಿಸುವುದಿಲ್ಲ. ಹಿಮೋಗ್ಲೋಬಿನ್ 12 ಇದ್ದಾಗ 100 ಮಿಲಿ ರಕ್ತ ಸುಮಾರು 15.5 ಮಿಲಿ ಆಮ್ಲಜನಕ ಹೊರುತ್ತದೆ. 8ರ ಹತ್ತಿರ ಇದ್ದರೆ ಸುಮಾರು 10.5 ಮಾತ್ರ. ನಡೆದಾಗ ದಮ್ಮು ಹತ್ತದೆ ಇರುತ್ತದಾ?

ಅಂದಮೇಲೆ ಆಕ್ಸಿಜನ್ ಮಷಿನ್ ಕೊಂಡು ಏನು ಉಪಯೋಗ? ತುಂಬಿದ ಸೀಟಿಗೆ ಇನ್ನಷ್ಟು ಟಿಕೆಟ್ ಕೊಟ್ಟಂತೆ. ಹತ್ತಾರು ಸಾವಿರ ಸುರಿಯುತ್ತೀರಿ, ನಿಜವಾದ ಕಾರಣ ಮುಚ್ಚಿಹೋಗುತ್ತದೆ. ಮನೆಯಲ್ಲಿ ದೀರ್ಘಕಾಲ ಆಮ್ಲಜನಕ ಕೊಡುವುದು, ಸುಮ್ಮನೆ ಕೂತಾಗಲೂ ಅದರ ಮಟ್ಟ 88 ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ. ನಿಮ್ಮ ತಂಗಿಗೆ ಅಲ್ಲ. ಆ ಮಷಿನ್ ಪಕ್ಕ ಕೆಂಡ ಇಟ್ಟರೆ ಬೆಂಕಿಯ ಅಪಾಯ ಬೇರೆ.

ಕೆಂಡದ ಮಾತು ಬಂತಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಹಿಮೋಗ್ಲೋಬಿನ್ನಿನಲ್ಲಿ ಆಮ್ಲಜನಕದ ಸೀಟನ್ನು ಅದು ಹಿಡಿದು ಕೂರುತ್ತದೆ, ಎಬ್ಬಿಸಿದರೂ ಏಳುವುದಿಲ್ಲ. ಬೆರಳಿನ ಮಷಿನ್ನಿಗೆ ಈ ಕಳ್ಳ ಪ್ರಯಾಣಿಕ ಯಾರು ಅಂತ ಗೊತ್ತಾಗುವುದಿಲ್ಲ, ಅದನ್ನೂ ಆಮ್ಲಜನಕ ಅಂತಲೇ ಎಣಿಸಿ 97 ತೋರಿಸುತ್ತದೆ. ಇರುವುದೇ ಆರು ಬಸ್ಸು, ಅದರಲ್ಲೂ ಸೀಟು ಹೋದರೆ? ಪಕ್ಕದಲ್ಲಿ ಎಳೆ ಮಗುವೂ ಮಲಗಿದೆ. ಅಮ್ಮನಿಗೆ ಬೇಜಾರಾಗದ ಹಾಗೆ ಹೇಳಿ. ಅವರ ಕಾಲದ ಹೆಂಚಿನ ಮನೆಯಲ್ಲಿ ಗಾಳಿ ಆಡುತ್ತಿತ್ತು, ಆರ್‌ಸಿಸಿ ಕೋಣೆಯಲ್ಲಿ ಆಡುವುದಿಲ್ಲ. ಬೆಚ್ಚಗಿರಲು ಸ್ವೆಟರ್, ಕಾಲುಚೀಲ, ಕಿವಿಗೆ ಸ್ಕಾರ್ಫ್ ಸಾಕು. ಸಾಂಬ್ರಾಣಿ ಹೊಗೆಯೂ ಕೆಲವು ತಿಂಗಳು ಬೇಡ. ಹೊಟ್ಟೆಗೆ ಸೀರೆ ಕಟ್ಟುವುದಾದರೆ ಸಡಿಲವಾಗಿ, ಕೆಮ್ಮುವಾಗ ಆಸರೆಯಾಗುವಷ್ಟು ಮಾತ್ರ. ಬಿಗಿದು ಕಟ್ಟಿದರೆ ವಪೆ ಇಳಿಯಲು ಜಾಗವೇ ಇರುವುದಿಲ್ಲ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ನಿಮ್ಮಲ್ಲಿ ಇದ್ದರೆ ಅದನ್ನೂ ಬಿಡಿ. ದೇಹ ಒಣಗಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಏರುತ್ತದೆ. ಎಕೋ ಆಗಿ ಹೃದಯದ ತೊಂದರೆ ಅಂತ ತಿಳಿದರೆ ಮಾತ್ರ ನೀರಿನ ಲೆಕ್ಕ ಡಾಕ್ಟರು ಹೇಳುತ್ತಾರೆ.

ರಕ್ತಹೀನತೆಗೆ ದಾರಿ ಮೂರು. ಕಬ್ಬಿಣದ ಮಾತ್ರೆ ಅಗ್ಗ. ಆದರೆ ನಿಧಾನ, ತಿಂಗಳುಗಟ್ಟಲೆ ಬೇಕು, ಮಲಬದ್ಧತೆ ತರುತ್ತದೆ, ಕಾಫಿ ಟೀ ಜೊತೆ ನುಂಗಿದರೆ ದಕ್ಕುವುದಿಲ್ಲ. ಎರಡನೆಯದು ರಕ್ತನಾಳಕ್ಕೆ ಕೊಡುವ ಕಬ್ಬಿಣ. ಕೆಲವು ಬಗೆಯದನ್ನು ಒಂದೇ ಸಲಕ್ಕೆ 1000 ಮಿಲಿಗ್ರಾಂವರೆಗೆ ಕೊಡಬಹುದು. ಅಪರೂಪಕ್ಕೆ ತೀವ್ರ ಅಲರ್ಜಿ ಆಗುತ್ತದೆ, ಅದಕ್ಕೆ ಆಸ್ಪತ್ರೆಯಲ್ಲೇ ಕೊಡುವುದು. ಮೂರನೆಯದು ಮತ್ತೆ ರಕ್ತ. ಒಂದು ಬಾಟಲಿಗೆ ಹಿಮೋಗ್ಲೋಬಿನ್ ಸುಮಾರು 1 ಏರುತ್ತದೆ, ಬೇಗ ಏರುತ್ತದೆ. ಆದರೆ ಕೊಟ್ಟ ಕೆಲವೇ ಗಂಟೆಗಳಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವ ಅಪಾಯ ಅದರಲ್ಲೇ ಇದೆ, ಈಗಾಗಲೇ 11 ಹಾಕಿಸಿಕೊಂಡವರಿಗೆ ಸುಮ್ನೆ ಇನ್ನೊಂದು ಹಾಕುವುದಲ್ಲ. ಎದೆನೋವು, ಕೂತಲ್ಲೇ ದಮ್ಮು, ಎದೆ ಬಡಿತ ಜೋರು ಇದ್ದರೆ ಬೇರೆ ಮಾತು. ನಿಮ್ಮ ತಂಗಿಯ ಅಂಕಿ ಐದು ವಾರದಲ್ಲಿ ಏರದೆ ಇದ್ದರೆ ನನ್ನ ಒಲವು ಎರಡನೆಯದರ ಕಡೆ.

ಆದರೆ ರಕ್ತಹೀನತೆ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಬಾರದು. ಎಕೋ ಆಗಲೇಬೇಕು. ಬಸಿರಿನ ಕೊನೆಯ ತಿಂಗಳಿಂದ ಹೆರಿಗೆಯಾಗಿ ಐದು ತಿಂಗಳವರೆಗೆ ಕೆಲವು ಹೆಂಗಸರ ಹೃದಯದ ಸ್ನಾಯು, ಮೊದಲು ಯಾವ ಕಾಯಿಲೆ ಇಲ್ಲದಿದ್ದರೂ, ಸೋಲುತ್ತದೆ. ಚಪ್ಪಟೆ ಮಲಗಲು ಆಗದೆ ಎರಡು ಮೂರು ದಿಂಬು ಬೇಕಾಗುವುದು, ರಾತ್ರಿ ಕೆಮ್ಮಿ ಎದ್ದು ಕೂರುವುದು, ಎರಡೂ ಪಾದ ಊದುವುದು ಇದರ ಗುರುತು. ಇವೆಲ್ಲ ‘ಬಾಣಂತಿಗೆ ಶೀತ’ ಅಂತ ಕಷಾಯದಲ್ಲಿ ಕಳೆದುಹೋಗುತ್ತವೆ. ಬೇಗ ಹಿಡಿದರೆ ಮಾತ್ರೆಗಳಿಂದಲೇ ಅನೇಕರ ಹೃದಯ ಚೇತರಿಸಿಕೊಳ್ಳುತ್ತದೆ. ಎಕೋ ಪರೀಕ್ಷೆಯಲ್ಲಿ ಸೂಜಿಯೂ ಇಲ್ಲ, ನೋವೂ ಇಲ್ಲ. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಹತ್ತಿರವಾದರೆ ಅಲ್ಲಿ, ಇಲ್ಲವಾದರೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮಾಡಿಸಿ.

ಇನ್ನೊಂದು, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವುದು. ಹೆರಿಗೆಯ ನಂತರದ ಮೊದಲ ಆರು ವಾರ ಇದಕ್ಕೆ ಕೆಟ್ಟ ಕಾಲ. ದೊಡ್ಡ ಆಪರೇಷನ್, ರಕ್ತಸ್ರಾವ, ಐಸಿಯು ವಾಸ ಎಲ್ಲವೂ ಅದಕ್ಕೆ ಗೊಬ್ಬರ. ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಬರೆದುಕೊಟ್ಟಿದ್ದರಾ, ಮಧ್ಯೆ ನಿಲ್ಲಿಸಿದಿರಾ ನೋಡಿ. ದಿಢೀರ್ ದಮ್ಮು, ಉಸಿರೆಳೆದರೆ ಚುಚ್ಚುವ ಎದೆನೋವು, ಕೆಮ್ಮಿನಲ್ಲಿ ರಕ್ತ, ತಲೆಸುತ್ತು, ಒಂದೇ ಕಾಲು ಊದಿ ನೋಯುವುದು. ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ನಾಳೆವರೆಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಪೈಪ್ ಹಾಕಿಸಿಕೊಂಡವರಲ್ಲಿ ಅಪರೂಪಕ್ಕೆ ಕೆಲವು ವಾರದ ನಂತರ ಶ್ವಾಸನಾಳ ಗಾಯ ಮಾಗುತ್ತಾ ಕಿರಿದಾಗುತ್ತದೆ. ಉಸಿರು ಎಳೆದುಕೊಳ್ಳುವಾಗ ಸೀಟಿಯಂಥ ಸದ್ದು ಬರುತ್ತದೆ. ಆಸ್ತಮಾ ಅಂತ ಇನ್ಹೇಲರ್ ಹಿಡಿದು ಕೂರದೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು. ತಂಗಿಗೆ ಅಂಥ ಸದ್ದು ಇದೆ ಅಂತ ನೀವು ಬರೆದಿಲ್ಲ, ಆದರೂ ಒಮ್ಮೆ ಕಿವಿಗೊಟ್ಟು ಕೇಳಿ.

‘ಹಾಲು ಬಂದೇ ಇಲ್ಲ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲಿ ನಿಂತೆ. ಎರಡು ವಾರ ಮಗು ಬಾಯಿ ಹಾಕದೆ ಇದ್ದರೆ ಯಾರಿಗಾದರೂ ಹಾಲು ಇಳಿಯುತ್ತದೆ, ನಿಜ. ನಮ್ಮ ಐಸಿಯುನಲ್ಲೇ ಒಬ್ಬ ಬಾಣಂತಿ ಪೈಪ್ ಇದ್ದಾಗಲೇ ಎದೆ ಹಿಡಿದುಕೊಂಡು ಕಣ್ಣೀರು ಹಾಕುತ್ತಿದ್ದರು. ಹೃದಯದ ನೋವೇನೋ ಅಂತ ಇಸಿಜಿ ಮಾಡಿದೆವು. ಎದೆ ಹಾಲಿನಿಂದ ಕಲ್ಲಾಗಿದೆ ಅಂತ ಹೇಳಿದ್ದು ವಾರ್ಡು ಗುಡಿಸಲು ಬಂದ ಅಜ್ಜಿ. ಅಂದಿನಿಂದ ನಮ್ಮ ದಿನದ ಚೀಟಿಯಲ್ಲಿ ‘ಹಾಲು’ ಅಂತ ಒಂದು ಸಾಲು ಸೇರಿತು. ಆದರೆ ನಿಮ್ಮ ತಂಗಿಗೆ ಎದೆ ಬಿಗಿಯಲೇ ಇಲ್ಲವಾ, ಒಂದು ಹನಿಯೂ ಇಳಿಯಲಿಲ್ಲವಾ? ಹಾಗಿದ್ದರೆ ಇನ್ನೊಂದು ಸಾಧ್ಯತೆ ಇದೆ. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಕಡಲೆ ಗಾತ್ರದ ಗ್ರಂಥಿ ಬಸಿರಿನಲ್ಲಿ ದೊಡ್ಡದಾಗಿರುತ್ತದೆ. ತೀವ್ರ ರಕ್ತಸ್ರಾವದಲ್ಲಿ ಅದಕ್ಕೆ ರಕ್ತ ಸಿಗದೆ ಒಂದು ಭಾಗ ಸತ್ತುಹೋಗಬಹುದು. ಇದಕ್ಕೆ ಶೀಹನ್ ಕಾಯಿಲೆ ಅನ್ನುತ್ತಾರೆ. ಮೊದಲ ಗುರುತು ಹಾಲು ಬಾರದಿರುವುದು, ಎರಡನೆಯದು ಮುಟ್ಟು ಮರಳದಿರುವುದು. ಗರ್ಭಕೋಶವೇ ಇಲ್ಲದವರಲ್ಲಿ ಎರಡನೆಯ ಗುರುತು ಸಿಗುವುದೇ ಇಲ್ಲ ನೋಡಿ. ಹಾಗಾಗಿ ಸುಸ್ತು, ಚಳಿ, ಕಡಿಮೆ ಬಿಪಿ ಅಂತ ವರ್ಷಗಟ್ಟಲೆ ಅಲೆದವರಿದ್ದಾರೆ. ಬೆಳಿಗ್ಗೆ ಎಂಟರ ಹೊತ್ತಿನ ಕಾರ್ಟಿಸೋಲ್, ಪ್ರೊಲ್ಯಾಕ್ಟಿನ್, ಥೈರಾಯ್ಡಿನಲ್ಲಿ ಟಿಎಸ್ಎಚ್ ಜೊತೆ ಫ್ರೀ ಟಿ4, ಈ ಹಾರ್ಮೋನುಗಳ ರಕ್ತಪರೀಕ್ಷೆ ಮಾಡಿಸಿ. ಟಿಎಸ್ಎಚ್ ಒಂದೇ ನೋಡಿದರೆ ಇದರಲ್ಲಿ ಸರಿಯಾಗಿಯೇ ಕಾಣಬಹುದು. ಕಾರ್ಟಿಸೋಲ್ ನೋಡದೆ ಥೈರಾಯ್ಡ್ ಮಾತ್ರೆ ಶುರು ಮಾಡಬಾರದು, ಅದು ಅಪಾಯ.

ಎಲ್ಲ ಪರೀಕ್ಷೆಯೂ ಸರಿ ಬಂದು ಬರೀ ದುರ್ಬಲತೆ ಅಂತಾದರೆ? ಆಗ ಮಾಡುವುದು ಸರಳ. ದಿನಾ ನಡಿಗೆ, ಇವತ್ತು ಅಂಗಳದವರೆಗೆ, ವಾರದಲ್ಲಿ ರಸ್ತೆಯ ತಿರುವಿನವರೆಗೆ. ಬೇಳೆ, ಮೊಟ್ಟೆ, ಕಾಳು, ತಿನ್ನುವವರಾದರೆ ಮಾಂಸ. ಬರೀ ಅನ್ನ ಮೆಣಸಿನ ಸಾರಿನ ಪಥ್ಯದಲ್ಲಿ ಸ್ನಾಯು ಬೆಳೆಯುವುದಿಲ್ಲ. ಆಸ್ಪತ್ರೆಯಲ್ಲಿ ಉಸಿರಿನ ವ್ಯಾಯಾಮಕ್ಕೆ ಮೂರು ಚೆಂಡಿನ ಉಪಕರಣ ಕೊಟ್ಟಿರಬಹುದು. ಎಷ್ಟೋ ಜನ ಅದನ್ನು ಊದುತ್ತಾರೆ! ಊದುವುದಲ್ಲ, ಎಳೆಯುವುದು. ನಿಧಾನ ಎಳೆದು, ಚೆಂಡು ಮೇಲೆ ನಿಂತಾಗ ಎಣಿಸಿ ಮೂರು, ಆಮೇಲೆ ಬಿಡುವುದು. ಉಪಕರಣ ಕಳೆದಿದ್ದರೆ ಹೊಸದು ಬೇಡ, ಆಳವಾದ ಉಸಿರು ಮತ್ತು ನಡಿಗೆ ಅಷ್ಟೇ ಕೆಲಸ ಮಾಡುತ್ತವೆ. ಹೊಲಿಗೆ ಇನ್ನೂ ನೋಯುತ್ತಿದ್ದರೆ ಪ್ಯಾರಾಸಿಟಮಾಲ್ ಕೊಡಿ. ಮಾತ್ರೆ ಹಾಲಿಗೆ ಹೋಗುತ್ತದೆ ಅಂತ ಹೆದರಿ ನೋವು ನುಂಗಿದವರು ಆಳವಾಗಿ ಉಸಿರಾಡುವುದೇ ಇಲ್ಲ.

ಕೊನೆಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಿಮ್ಮ ಪತ್ರದಲ್ಲಿ ದೊಡ್ಡಮ್ಮ ಮಾತಾಡಿದ್ದಾರೆ, ನೆಂಟರು ಮಾತಾಡಿದ್ದಾರೆ, ತಂಗಿಯ ಗಂಡ ಮಾತಾಡಿದ್ದಾರೆ. ತಂಗಿ ಏನಂದರು ಅಂತ ಒಂದು ಸಾಲೂ ಇಲ್ಲ. ಐಸಿಯುನಿಂದ ಬಂದವರಿಗೆ ಅರ್ಧಂಬರ್ಧ ನೆನಪು, ಕೆಟ್ಟ ಕನಸು, ಉಸಿರು ಕಟ್ಟಿದಂಥ ಗಾಬರಿ ತಿಂಗಳುಗಟ್ಟಲೆ ಇರಬಹುದು. ಏದುಸಿರಿನಲ್ಲಿ ಅದರದ್ದೂ ಒಂದು ಪಾಲು ಇರಬಹುದು. ಹಾಗಂತ ಪರೀಕ್ಷೆ ಮಾಡದೆ ‘ಎಲ್ಲ ಮನಸ್ಸಿನದ್ದು’ ಅನ್ನಬೇಡಿ. ರಾತ್ರಿ ನಿದ್ದೆ ಬರುತ್ತದಾ, ಅಲ್ಲಿನದ್ದು ಏನು ನೆನಪಿದೆ ಅಂತ ಪಕ್ಕ ಕೂತು ಕೇಳಿ. ಗರ್ಭಕೋಶ ತೆಗೆದ ವಿಷಯ ಅವರಿಗೆ ಸರಿಯಾಗಿ ಹೇಳಿದ್ದೀರಾ? ಅವರು ಅರಿವಳಿಕೆಯಲ್ಲಿದ್ದಾಗ ಗಂಡ ಸಹಿ ಹಾಕಿ, ಮನೆಯವರು ‘ಆಮೇಲೆ ಹೇಳೋಣ’ ಅಂತ ಮುಂದೂಡಿ, ಮುಟ್ಟು ಯಾಕೆ ಬರಲಿಲ್ಲ ಅಂತ ಹೆಂಗಸು ತಿಂಗಳ ಮೇಲೆ ಕೇಳಿಕೊಂಡು ಬಂದದ್ದನ್ನು ನೋಡಿದ್ದೇನೆ. ಅಂಡಾಶಯ ಉಳಿಸಿದ್ದರೆ ಹಾರ್ಮೋನು ಅಲ್ಲಿಂದಲೇ ಬರುತ್ತದೆ, ಗರ್ಭಕೋಶ ತೆಗೆದ ಮಾತ್ರಕ್ಕೆ ವಯಸ್ಸಿಗೆ ಮುಂಚೆ ಮುದುಕಿ ಆಗುವುದಿಲ್ಲ. ಉಳಿಸಿದ್ದಾರೋ ಇಲ್ಲವೋ ಅಂತ ಆಪರೇಷನ್ ಟಿಪ್ಪಣಿಯಲ್ಲಿ ಬರೆದಿರುತ್ತಾರೆ. ನಾಳೆ ಹೋದಾಗ ಅದನ್ನೂ ಕೇಳಿ, ತಂಗಿಯ ಎದುರಿಗೇ ಕೇಳಿ.